ಮೊದಲು ಊಟದ ಹೊತ್ತು, ಆಮೇಲೆ ಪೇಟೆ: ಹೊರದೇಶದ ಗೆಳೆಯರೊಂದಿಗೆ ಚಿಕ್ಕಮಗಳೂರಿನಲ್ಲಿ ಒಂದು ದಿನ

ಡಿಸೆಂಬರ್, ಜನವರಿ ಬಂತೆಂದರೆ ಚಿಕ್ಕಮಗಳೂರಿನ ಎಷ್ಟೋ ಮನೆಗಳಲ್ಲಿ ಹೊರದೇಶದ ಗೆಳೆಯರು ಬಂದಿಳಿದಿರುತ್ತಾರೆ. ಮುಳ್ಳಯ್ಯನಗಿರಿ ಆಯಿತು, ಬೇಲೂರು ಹಳೇಬೀಡು ಆಯಿತು, ಹೊರಡುವ ಮುಂಚೆ ಒಂದು ದಿನ ಉಳಿಯುತ್ತದೆ. "ಪೇಟೆಗೆ ಹೋಗಿ ಏನಾದರೂ ತಗೊಂಡು, ಹೊರಗೇ ಊಟ ಮಾಡಿ ಬರೋಣ" ಅಂದುಬಿಡುತ್ತೇವೆ. ಗಿರಿ ಹತ್ತುವುದಕ್ಕೆ ಮಾಡಿದ ತಯಾರಿಯಲ್ಲಿ ಕಾಲುಭಾಗವನ್ನೂ ಈ ದಿನಕ್ಕೆ ಮಾಡುವುದಿಲ್ಲ. ನಾನೂ ಮಾಡಿರಲಿಲ್ಲ.

ಕೆಲವು ವರ್ಷಗಳ ಹಿಂದೆ ಆಸ್ಟ್ರೇಲಿಯಾದಿಂದ ಬಂದಿದ್ದ ಗೆಳತಿಯನ್ನೂ ಅವಳ ಗಂಡನನ್ನೂ ಬೆಳಿಗ್ಗೆ ಹತ್ತಕ್ಕೆ ಎಂ.ಜಿ. ರೋಡಿಗೆ ಕರೆದುಕೊಂಡು ಹೋಗಿ ಅಂಗಡಿಯಿಂದ ಅಂಗಡಿಗೆ ಸುತ್ತಿಸಿದೆ. ಊಟಕ್ಕೆ ಕೂತಾಗ ಮೂರೂವರೆ. ಅನ್ನ, ಸಾರು ಎಲ್ಲ ಮುಗಿದಿತ್ತು. ಸಿಕ್ಕಿದ್ದು ಆರಿಹೋದ ಪೂರಿ. ಪಾಪ, ಇಬ್ಬರೂ ಒಂದು ಮಾತಾಡದೆ ತಿಂದರು. ಇದರ ಮೇಲೆ, ಅಣ್ಣನ ತೋಟದ್ದೆಂದು ಪ್ರೀತಿಯಿಂದ ಕಟ್ಟಿಕೊಟ್ಟ 2 ಕೆ.ಜಿ. ಹುರಿಯದ ಕಾಫಿಬೀಜ ಅವರ ದೇಶದ ವಿಮಾನ ನಿಲ್ದಾಣದಲ್ಲೇ ಉಳಿಯಿತು. ಅಲ್ಲಿಗೆ ಹುರಿಯದ ಬೀಜ ಒಯ್ಯಬಾರದೆಂದು ತಿಳಿದುಕೊಳ್ಳಬೇಕಾದವರು ಕೊಟ್ಟ ನಾವು. ಅಂದಿನಿಂದ ಪ್ರತಿ ಸಲ ಈ ಕೆಳಗೆ ಹೇಳುವ ಹಾಗೆ ಮಾಡುತ್ತಿದ್ದೇನೆ.

ದಿನ ಗೊತ್ತು ಮಾಡುವುದು

ಶನಿವಾರ, ಭಾನುವಾರ ಖಂಡಿತ ಬೇಡ. ಬೆಂಗಳೂರಿನ ಕಾರುಗಳೆಲ್ಲ ಗಿರಿಯ ಕಡೆ ಹೊರಟಿರುತ್ತವೆ, ಊರಿನೊಳಗೆ ಗಾಡಿ ನಿಲ್ಲಿಸಲು ಜಾಗ ಇರುವುದಿಲ್ಲ, ಊಟದ ಮನೆಗಳಲ್ಲಿ ಕುರ್ಚಿಯ ಹಿಂದೆ ನಿಂತು ಕಾಯಬೇಕು. ವಾರದ ನಡುವಿನ ಒಂದು ದಿನ ಹಿಡಿಯಿರಿ.

ಬಂದಿಳಿದ ಮರುದಿನವೂ ಬೇಡ. ನ್ಯೂಯಾರ್ಕ್ ಕಡೆಯಿಂದ ಬಂದವರಿಗೆ ಚಳಿಗಾಲದಲ್ಲಿ ನಮ್ಮ ಮಧ್ಯಾಹ್ನದ ಒಂದು ಗಂಟೆ ಎಂದರೆ ಅಲ್ಲಿನ ರಾತ್ರಿ ಎರಡೂವರೆ. ಹೊಟ್ಟೆಗೆ ಅದು ಊಟದ ಹೊತ್ತೆಂದು ಗೊತ್ತಾಗಲು ಮೂರು ನಾಲ್ಕು ದಿನ ಬೇಕು.

ಹಿಂದಿನ ರಾತ್ರಿ ಊಟದ ಮೇಜಿನಲ್ಲೇ ಮೂರು ವಿಷಯ ಕೇಳಿಟ್ಟುಕೊಳ್ಳಿ. ಯಾವುದು ತಿಂದರೆ ಮೈಗೆ ಆಗುವುದಿಲ್ಲ? ಪೆಟ್ಟಿಗೆಯಲ್ಲಿ ಇನ್ನೆಷ್ಟು ಕೆ.ಜಿ. ಜಾಗ ಇದೆ? ಇಲ್ಲಿಂದ ನೇರ ಮನೆಗೋ, ನಡುವೆ ಬೇರೆ ದೇಶಕ್ಕೂ ಹೋಗುತ್ತಾರೋ? ಕೊನೆಯದನ್ನು ಯಾರೂ ಕೇಳುವುದಿಲ್ಲ. ಏನು ಕೊಳ್ಳಬಹುದೆಂಬುದು ನಿಂತಿರುವುದೇ ಅದರ ಮೇಲೆ.

ಊಟವನ್ನು ಮೊದಲು ಗಟ್ಟಿ ಮಾಡಿ

ಹನ್ನೆರಡೂವರೆಗೆ ಎಲೆಯ ಮುಂದೆ ಕೂತಿರಬೇಕು. ಇದೊಂದನ್ನು ಅಲ್ಲಾಡದಂತೆ ಇಟ್ಟುಕೊಂಡು ಮಿಕ್ಕಿದ್ದನ್ನೆಲ್ಲ ಇದರ ಹಿಂದೆ ಮುಂದೆ ಹೊಂದಿಸಿ. ಒಂದು ಗಂಟೆಯ ನಂತರ ಒಳ್ಳೆಯ ಊಟದ ಮನೆಗಳೆಲ್ಲ ತುಂಬಿರುತ್ತವೆ, ಬಡಿಸುವವರಿಗೆ ನಿಂತು ಉತ್ತರ ಹೇಳಲು ಪುರುಸೊತ್ತು ಇರುವುದಿಲ್ಲ. ಹೊಸಬರಿಗೆ ಊಟಕ್ಕಿಂತ ಹೆಚ್ಚು ಬೇಕಾದದ್ದು ಆ ಉತ್ತರ: ಇದೇನು, ಇದನ್ನು ಯಾವುದರ ಜೊತೆ ತಿನ್ನಬೇಕು, ಇದು ಎಷ್ಟು ಖಾರ.

ನನ್ನ ಅಭಿಪ್ರಾಯ ಕೇಳಿದರೆ, ಪಟ್ಟಣದ ಹೋಟೆಲಿನ ಉತ್ತರ ಭಾರತದ ಥಾಲಿಗೆ ಕರೆದೊಯ್ಯಬೇಡಿ. ಅದು ಅವರ ಊರಿನ ಭಾರತೀಯ ಹೋಟೆಲಿನಲ್ಲೂ ಸಿಗುತ್ತದೆ. ಊರ ಹೊರಗಿನ ಹೋಂಸ್ಟೇಗಳಲ್ಲಿ ಹಿಂದಿನ ದಿನ ಫೋನ್ ಮಾಡಿ ಕೇಳಿದರೆ ಕೆಲವರು ಮಧ್ಯಾಹ್ನದ ಊಟ ಮಾತ್ರ ಹಾಕಿಕೊಡಲು ಒಪ್ಪುತ್ತಾರೆ. ಅಕ್ಕಿರೊಟ್ಟಿ, ಎಣ್ಣೆಗಾಯಿ, ಒಂದು ತಂಬುಳಿ, ಮಾಂಸ ತಿನ್ನುವವರಾದರೆ ಕಡುಬು ಮತ್ತು ನಾಟಿಕೋಳಿ ಸಾರು. ಇಷ್ಟೇ ಸಾಕು, ಇಪ್ಪತ್ತು ಬಗೆ ಬೇಡ. ಮಳೆಗಾಲದಲ್ಲಿ ಬಂದವರಾದರೆ ಕೆಸುವಿನೆಲೆಯ ಪತ್ರೊಡೆ ಕೇಳಿ. ಕಳಲೆ ಪಲ್ಯ ಬೇಕಿದ್ದರೆ ಮೂರು ದಿನ ಮುಂಚೆಯೇ ಹೇಳಬೇಕು. ಎಳೆ ಬಿದಿರನ್ನು ಹೆಚ್ಚಿ, ದಿನವೂ ನೀರು ಬದಲಿಸುತ್ತ ನೆನೆಸಿದರೇ ಅದರ ಕಹಿಯೂ ನಂಜೂ ಹೋಗುವುದು.

ಬಿಸಿ ಕಡುಬು ಬಂದಾಗ ನೀವೇ ಮೊದಲು ಕೈ ಹಾಕಿ. ಅದನ್ನು ಎರಡಾಗಿ ಮುರಿದರೆ ಹಬೆ ಏಳುತ್ತದೆ, ಒಳಗೆ ಅಕ್ಕಿತರಿ ಬೆಳ್ಳಗೆ ಹರಳುಹರಳಾಗಿ ಕಾಣುತ್ತದೆ. ಆ ಮುರುಕಿನ ಮೇಲೆ ಒಂದು ಚಮಚ ತುಪ್ಪ ಬಿಟ್ಟು, ಅದು ಇಂಗುವವರೆಗೆ ಕಾದು, ಆಮೇಲೆ ಸಾರಿಗೆ ಅದ್ದಿ. ನೀವು ಮಾಡುವುದನ್ನು ನೋಡಿ ಅವರೂ ಮಾಡುತ್ತಾರೆ. ಬಾಯಲ್ಲಿ ಹೇಳಿಕೊಡುವುದಕ್ಕಿಂತ ಇದು ಚೆಂದ. ಪಕ್ಕದಲ್ಲಿ ಚಮಚವನ್ನೂ ಸುಮ್ಮನೆ ಇಟ್ಟಿರಿ. ಬೇಕಾದವರು ಎತ್ತಿಕೊಳ್ಳುತ್ತಾರೆ.

ಖಾರದ ವಿಷಯ: "ಖಾರವೇ ಬೇಡ" ಎಂದರೆ ಅಡುಗೆಯವರು ಮಸಾಲೆಯನ್ನೇ ಬಿಟ್ಟುಬಿಡುತ್ತಾರೆ, ಊಟ ಸಪ್ಪೆ. "ಸೂಜಿಮೆಣಸು ಬೇಡ, ಉಳಿದದ್ದು ಇರಲಿ, ಮೊಸರು ಜಾಸ್ತಿ ಕೊಡಿ" ಎನ್ನಿ. ಗೋಧಿ ಆಗದವರಿಗೆ ಅಕ್ಕಿರೊಟ್ಟಿ, ರಾಗಿಮುದ್ದೆ ನಿಶ್ಚಿಂತೆ ಎಂದುಕೊಳ್ಳುತ್ತೇವೆ. ಆದರೆ ಅಂಗಡಿಯ ಇಂಗಿನಲ್ಲಿ ಸಾಮಾನ್ಯವಾಗಿ ಗೋಧಿಹಿಟ್ಟೋ ಮೈದಾವೋ ಬೆರೆತಿರುತ್ತದೆ, ಆ ಇಂಗು ಒಗ್ಗರಣೆಗೆ ಬಿದ್ದಿರುತ್ತದೆ. ಕಡಲೆಬೀಜ ಆಗದವರಿಗಾಗಿ ಚಟ್ನಿ, ಚಿತ್ರಾನ್ನ ಎರಡನ್ನೂ ವಿಚಾರಿಸಿ. ಅಲರ್ಜಿ ಅವರಿಗೆ ಪ್ರಾಣದ ಮಾತು. ಸಂಕೋಚ ಬಿಟ್ಟು ಅಡುಗೆಮನೆಯೊಳಗೇ ಹೋಗಿ ಕೇಳಿ ಬನ್ನಿ.

ಬೆಳಗಿನ ತಿಂಡಿ ಹಗುರವಾಗಿರಲಿ. ಟೌನ್ ಕ್ಯಾಂಟೀನಿನ ಮಸಾಲೆದೋಸೆ ತಿನ್ನಿಸದೆ ಕಳಿಸುವುದು ಹೇಗೆ ಎನಿಸಿದರೆ ಅದಕ್ಕೆ ಬೇರೆ ದಿನ ಇಡಿ. ಒಂಬತ್ತೂವರೆಗೆ ದೋಸೆ ತಿಂದವರು ಹನ್ನೆರಡೂವರೆಗೆ ಕಡುಬು ತಿನ್ನಲಾರರು.

ಕಾಫಿಪುಡಿ ಅಂಗಡಿಗೆ ಒಂದು ಗಂಟೆ

ಹತ್ತು ಗಂಟೆಗೆ ಮೊದಲ ಅಂಗಡಿ ಇದೇ. ಎಂ.ಜಿ. ರೋಡಿನ ಪಾಂಡುರಂಗ ಕಾಫಿಯಂಥ ಹಳೆಯ ಅಂಗಡಿಗಳ ಮುಂದೆ ನಿಂತರೆ ಹುರಿದ ಬೀಜದ ಪರಿಮಳವೇ ಒಳಗೆ ಕರೆಯುತ್ತದೆ. ಬಾಬಾಬುಡನ್ 17ನೇ ಶತಮಾನದಲ್ಲಿ ಯೆಮನ್‌ನಿಂದ ಏಳು ಬೀಜ ತಂದು ಈ ಬೆಟ್ಟದಲ್ಲಿ ಬಿತ್ತಿದರೆಂಬ ಪ್ರತೀತಿಯನ್ನು ದಾರಿಯಲ್ಲೇ ಹೇಳಿಕೊಂಡು ಬನ್ನಿ. ಚಿಕ್ಕಮಗಳೂರು ಅರೇಬಿಕಾಕ್ಕೂ ಬಾಬಾಬುಡನ್‌ಗಿರಿ ಅರೇಬಿಕಾಕ್ಕೂ 2019ರಲ್ಲಿ ಬೇರೆಬೇರೆಯಾಗಿ, ಇದು ಇಂಥ ನೆಲದ್ದೇ ಬೆಳೆ ಎಂದು ಗುರುತಿಸುವ ಭೌಗೋಳಿಕ ಸೂಚಕದ (ಜಿ.ಐ.) ಮಾನ್ಯತೆ ಸಿಕ್ಕಿದೆ. ಬೆಟ್ಟವನ್ನು ನೋಡಿ ಬಂದವರ ಕೈಗೆ ಆ ಬೆಟ್ಟದ ಬೀಜ ಬಂದಾಗ ಅವರ ಮುಖ ನೋಡಬೇಕು.

ಹೊರದೇಶದವರಿಗೆ ಚಿಕೋರಿಯ ವಿಷಯ ಗೊತ್ತಿರುವುದಿಲ್ಲ. ಅದೊಂದು ಗಿಡದ ಬೇರನ್ನು ಹುರಿದು ಮಾಡಿದ ಪುಡಿ, ನಮ್ಮ ಫಿಲ್ಟರ್ ಕಾಫಿಗೆ ಬಣ್ಣವನ್ನೂ ದಪ್ಪವನ್ನೂ ಕೊಡುತ್ತದೆ ಎಂದು ಬಿಡಿಸಿ ಹೇಳಿ. ಕಾಫಿ–ಚಿಕೋರಿ ಮಿಶ್ರಣದಲ್ಲಿ ಕಾಫಿ ನೂರಕ್ಕೆ ಕನಿಷ್ಠ 51 ಭಾಗ ಇರಲೇಬೇಕು, ಎರಡರ ಪ್ರಮಾಣ ಪೊಟ್ಟಣದ ಮೇಲೆ ಅಚ್ಚಾಗಿರಬೇಕು ಎಂಬುದು ನಮ್ಮ ಆಹಾರ ಕಾನೂನು. ಮನೆಯಲ್ಲಿ ಹಾಲು ಹಾಕಿ ಕುಡಿಯುವವರಾದರೆ 80:20 ಕೊಡಿಸಿ. ಬರೀ ಕಪ್ಪು ಕಾಫಿಯವರಾದರೆ ಚಿಕೋರಿ ಇಲ್ಲದ ಅರೇಬಿಕಾ.

ಪುಡಿ ಮಾಡಿಸುವ ಮುಂಚೆ ಅವರ ಮನೆಯಲ್ಲಿ ಯಾವ ಪಾತ್ರೆಯಲ್ಲಿ ಕಾಫಿ ಮಾಡುತ್ತಾರೆಂದು ಕೇಳಿ. ಫ್ರೆಂಚ್ ಪ್ರೆಸ್ ಆದರೆ ದೊರಗು ಪುಡಿ, ನಮ್ಮ ಫಿಲ್ಟರಿಗೆ ಅದಕ್ಕಿಂತ ನುಣ್ಣಗೆ. ಬೀಸುವ ಯಂತ್ರ ಮನೆಯಲ್ಲೇ ಇದ್ದರೆ ಹುರಿದ ಇಡೀ ಬೀಜ ಎಲ್ಲಕ್ಕಿಂತ ಒಳ್ಳೆಯದು, ಪುಡಿಗಿಂತ ಬಹಳ ದಿನ ಪರಿಮಳ ಹಿಡಿದಿಟ್ಟುಕೊಳ್ಳುತ್ತದೆ. ನನ್ನ ಗೆಳತಿ ಎರಡನೇ ಸಲ ಬಂದಾಗ, ಯಂತ್ರದಿಂದ ಆಗತಾನೇ ಇಳಿದ ಅರ್ಧ ಕೆ.ಜಿ.ಯ ಪೊಟ್ಟಣವನ್ನು ಎರಡೂ ಕೈಯಲ್ಲಿ ಹಿಡಿದು ಕೆನ್ನೆಗೆ ಒತ್ತಿಕೊಂಡಳು. ಬಿಸಿ ಇತ್ತು. ಜನವರಿಯ ಬೆಳಗು, ಹೊರಗೆ ಇನ್ನೂ ಚಳಿ. ಅಲ್ಲಿಂದ ಅವಳನ್ನು ಹೊರಡಿಸಲು ನನಗೆ ಮನಸ್ಸಾಗಲಿಲ್ಲ, ಮುಂದಿನ ಎರಡು ಅಂಗಡಿ ಬಿಟ್ಟುಬಿಟ್ಟೆವು.

ಜೊತೆಗೆ ಎರಡು ಲೋಟದ ಅಳತೆಯ ಸ್ಟೀಲ್ ಫಿಲ್ಟರ್ ಒಂದು. ಹಿತ್ತಾಳೆಯದು ಚೆಂದ, ಆದರೆ ಭಾರ. ಪುಡಿ ಹಾಕಿ ಮೇಲಿನ ಬಿಲ್ಲೆಯನ್ನು ಹಗುರವಾಗಿ ಒತ್ತಿ, ಕುದಿನೀರು ಹೊಯ್ದು ಕಾಲು ಗಂಟೆ ಮುಟ್ಟದೆ ಬಿಡಬೇಕೆಂದು ಹೇಳಿಕೊಡಿ. ಮನೆಗೆ ಬಂದ ಮೇಲೆ ಇನ್ನೊಂದು ತೋರಿಸಿ: ಗಾಜಿನ ಲೋಟದ ತಣ್ಣೀರಿನ ಮೇಲೆ ಚಿಟಿಕೆ ಪುಡಿ ಉದುರಿಸಿದರೆ ಕಾಫಿ ತೇಲುತ್ತದೆ, ಚಿಕೋರಿ ಕಂದು ಗೆರೆ ಎಳೆಯುತ್ತ ತಳಕ್ಕೆ ಇಳಿಯುತ್ತದೆ. ಮಕ್ಕಳಿದ್ದರೆ ಹತ್ತು ಸಲ ಮಾಡಿ ನೋಡುತ್ತಾರೆ.

ಮೆಣಸು, ಏಲಕ್ಕಿ, ಬಟ್ಟೆ

ಕಾಳುಮೆಣಸು ಕಾಲು ಕೆ.ಜಿ. ಧಾರಾಳ. ಅಂಗೈ ಮೇಲೆ ಹಾಕಿ ನೋಡಿ: ಕಾಳು ಗಟ್ಟಿಯಾಗಿ, ತೂಕವಾಗಿ ಇರಬೇಕು. ಒಣಗಿದ ಪರಂಗಿಬೀಜ ಬೆರೆತಿದ್ದರೆ ನೀರಿಗೆ ಹಾಕಿದಾಗ ಅದು ತೇಲುತ್ತದೆ. ಏಲಕ್ಕಿಯಲ್ಲಿ ಬಣ್ಣಕ್ಕೆ ಮರುಳಾಗಬೇಡಿ, ಒಂದು ಕಾಯಿ ಸುಲಿದು ಒಳಗಿನ ಬೀಜ ಕಪ್ಪಗೆ ಅಂಟಂಟಾಗಿದೆಯೇ ನೋಡಿ.

ಬಟ್ಟೆಗೆ ಒಂದೇ ಅಂಗಡಿ ಸಾಕು, ಅದೂ ಊಟದ ನಂತರ, ಕೂತು ನೋಡುವಂಥದ್ದು. ಆರು ಗಜದ ಸೀರೆಯನ್ನು ಅವರು ಉಡಲಾರರು. ಕೈಮಗ್ಗದ ಹತ್ತಿಯ ಟವಲು, ಶಾಲು, ಇಳಕಲ್ ಬಟ್ಟೆಯ ಕುರ್ತಾ ನಿಜಕ್ಕೂ ಬಳಕೆಗೆ ಬರುತ್ತವೆ. ಆರಿಸುವಾಗ ನೀವು ಮೌನವಾಗಿರಿ. "ಇದು ತಗೋ, ಅದು ಬೇಡ" ಎಂದು ನಾವು ಹೇಳತೊಡಗಿದರೆ ಅವರು ನಮ್ಮ ಮನಸ್ಸಿಗಾಗಿ ಕೊಳ್ಳುತ್ತಾರೆ.

ಚಿಕ್ಕ ಅಂಗಡಿಗಳಲ್ಲಿ ಹೊರದೇಶದ ಕಾರ್ಡ್ ನಡೆಯದೇ ಹೋಗಬಹುದು, ನಗದು ಇರಲಿ. ಎಂ.ಆರ್.ಪಿ. ಅಚ್ಚಾದ ಪೊಟ್ಟಣಕ್ಕೆ ಚೌಕಾಸಿ ಬೇಡ.

ಕೊಡಿಸಬಾರದ್ದು

ಕಾಫಿ ಹುರಿದದ್ದೇ ಇರಲಿ. ಆಸ್ಟ್ರೇಲಿಯಾ, ನ್ಯೂಜಿಲೆಂಡಿಗೆ ಹೋಗುವವರು ತಿನ್ನುವ ವಸ್ತು ಏನೇ ಇದ್ದರೂ ಇಳಿದ ಕೂಡಲೇ ಫಾರಂನಲ್ಲಿ ಬರೆದು ತಿಳಿಸಲೇಬೇಕು, ಮುಚ್ಚಿಟ್ಟರೆ ದಂಡ. ನ್ಯೂಜಿಲೆಂಡಿಗೆ ಇಲ್ಲಿನ ಜೇನು ಒಯ್ಯುವಂತಿಲ್ಲ. ಯುರೋಪಿನ ಒಕ್ಕೂಟದ ದೇಶಗಳಿಗೆ ಹಾಲಿನ, ಮಾಂಸದ ಪದಾರ್ಥ ಚೀಲದಲ್ಲಿ ಒಯ್ಯಬಾರದು, ಆದ್ದರಿಂದ ಪೇಡ, ಕುಂದಾ ಇಲ್ಲೇ ತಿನ್ನಿಸಿ. ಹಸಿ ಕರಿಬೇವನ್ನು ಅಮೆರಿಕಕ್ಕೆ ಕಟ್ಟಿಕೊಡಬೇಡಿ. ನವಿಲುಗರಿ ದೇಶದಿಂದ ಹೊರಗೆ ಹೋಗುವಂತಿಲ್ಲ. ಹಳೇ ಹಿತ್ತಾಳೆ ಸಾಮಾನು ಮಾರುವವರು "ಇದು 100 ವರ್ಷಕ್ಕೂ ಹಳೆಯದು" ಎಂದು ಹೊಗಳಿದರೆ ಅಲ್ಲೇ ಕೈಬಿಡಿ. 1972ರ ಕಾಯ್ದೆಯಂತೆ ಅಂಥದ್ದು ಪ್ರಾಚ್ಯವಸ್ತು, ಹೊರಗೆ ಸಾಗಿಸುವಂತಿಲ್ಲ.

ಸಂಜೆ ಮತ್ತು ಪೆಟ್ಟಿಗೆ

ನಾಲ್ಕಕ್ಕೆ ಪೇಟೆ ಮುಗಿಸಿ. ಮನೆಗೆ ಹೋಗಿ ಕಾಲು ಚಾಚಿ, ಆಮೇಲೆ ಹಿರೇಮಗಳೂರಿನ ಕೋದಂಡರಾಮ ದೇವಸ್ಥಾನ. ಇಲ್ಲಿ ಪೂಜೆ ಕನ್ನಡದಲ್ಲಿ ನಡೆಯುತ್ತದೆ. ದೊಡ್ಡ ಮಗಳಿಗೆ ಕೊಟ್ಟ ಊರು ಇದು, ಚಿಕ್ಕ ಮಗಳಿಗೆ ಕೊಟ್ಟದ್ದು ನಮ್ಮ ಪಟ್ಟಣ ಎಂಬ ಕಥೆಗೆ ಇದಕ್ಕಿಂತ ಒಳ್ಳೆಯ ಜಾಗ ಬೇರೆ ಇಲ್ಲ.

ರಾತ್ರಿ ಪೆಟ್ಟಿಗೆ ಕಟ್ಟುವಾಗ ಜೊತೆಗೆ ಕೂರಿ. ಅಪ್ಪೆಮಿಡಿ ಉಪ್ಪಿನಕಾಯಿಯನ್ನು ಎರಡು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ, ಹಳೇ ಟವಲಿನಲ್ಲಿ ಮಡಿಸಿ, ಚೆಕ್‌ಇನ್ ಪೆಟ್ಟಿಗೆಯ ನಡುವೆ ಇಡಿ, ಕೈಚೀಲದಲ್ಲಿ ಬೇಡ. ಪ್ರತಿ ಪೊಟ್ಟಣದ ಮೇಲೆ ಇಂಗ್ಲಿಷಿನಲ್ಲಿ ಹೆಸರು ಬರೆಯಿರಿ, ತಪಾಸಣೆಯವರಿಗೆ ಬಿಡಿಸಿ ಹೇಳುವ ಕಷ್ಟ ತಪ್ಪುತ್ತದೆ. ಅಂಗಡಿಯ ಚೀಟಿಗಳನ್ನೂ ಅದರೊಳಗೇ ಹಾಕಿ. ಕೊನೆಗೆ ಮನೆಯ ತೂಕದ ಯಂತ್ರದ ಮೇಲೆ ಪೆಟ್ಟಿಗೆ ಇಟ್ಟು ನೋಡಿ. ಹೆಚ್ಚಾದರೆ ಮೊದಲು ಏನು ತೆಗೆಯಬೇಕೆಂದು ಅವರೇ ಹೇಳಲಿ. ನನ್ನ ಗೆಳತಿ ತನ್ನ ಚಪ್ಪಲಿ ಜೋಡಿಯನ್ನು ನಮ್ಮ ಮನೆಯಲ್ಲೇ ಬಿಟ್ಟು, ಫಿಲ್ಟರನ್ನು ಇಟ್ಟುಕೊಂಡಳು.