ಮಾತಾಡಲು ಆಗಬೇಕು, ಹಾಡಲು ಆಗಬಾರದು

ನಮ್ಮ ಮನೆಯವರಿಗೆ ಸಕ್ಕರೆ ಕಾಯಿಲೆ ಅಂತ ಗೊತ್ತಾದಾಗ ಡಾಕ್ಟರು “ವಾಕಿಂಗ್ ಮಾಡಿ” ಅಂದರು. ಎಷ್ಟು, ಹೇಗೆ ಅಂತ ಹೇಳಲಿಲ್ಲ. ನಿಮಗೂ ಹಾಗೇ ಹೇಳಿರಬಹುದು, ಅದಕ್ಕೇ ಬರೆಯುತ್ತಿದ್ದೇನೆ.

ಮೊದಲು, ನಡಿಗೆ ಯಾಕೆ ಬೇಕು ಅಂತ ಹೇಳುತ್ತೇನೆ. ಗಾಯವಾದರೆ ಕೆಂಪಾಗಿ ಊದಿಕೊಳ್ಳುತ್ತದೆ ಅಲ್ವಾ? ಅದೇ ಉರಿಯೂತ. ಗಾಯ ಮಾಯುವುದಕ್ಕೆ ಅದು ಬೇಕು. ಆದರೆ ಹೊಟ್ಟೆಯೊಳಗೆ ಕೊಬ್ಬು ತುಂಬಿದ್ದರೆ, ಸಿಗರೇಟು ಸೇದುತ್ತಿದ್ದರೆ, ಸಕ್ಕರೆ ಜಾಸ್ತಿ ಇದ್ದರೆ, ಸಣ್ಣ ಉರಿಯೂತ ವರ್ಷಗಟ್ಟಲೆ ಉಳಿದುಬಿಡುತ್ತದೆ. ನೋವಿಲ್ಲ, ಹಾಗಾಗಿ ಗೊತ್ತಾಗುವುದಿಲ್ಲ. ರಕ್ತನಾಳದೊಳಗೆ ಕೊಬ್ಬಿನ ಪದರ ಬೆಳೆಯುವುದಕ್ಕೂ, ಅದು ಒಡೆದು ಹಾರ್ಟ್ ಅಟ್ಯಾಕ್ ಆಗುವುದಕ್ಕೂ ಇದು ದಾರಿ ಮಾಡುತ್ತದೆ.

ನಡೆದಾಗ ಕಾಲಿನ ಸ್ನಾಯುಗಳೇ ಉರಿಯೂತ ತಗ್ಗಿಸುವ ಕೆಲಸಕ್ಕೆ ಇಳಿಯುತ್ತವೆ. ಸ್ಯಾನ್ ಡಿಯಾಗೊದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದವರು 2017ರಲ್ಲಿ 47 ಜನರನ್ನು ಟ್ರೆಡ್‌ಮಿಲ್ ಮೇಲೆ 20 ನಿಮಿಷ ನಡೆಸಿ ನೋಡಿದರು. ಉರಿಯೂತ ಎಬ್ಬಿಸುವ ಟಿಎನ್‌ಎಫ್ ಅನ್ನುವ ಪ್ರೋಟೀನ್ ತಯಾರಿಸುವ ರಕ್ತಕಣಗಳು ಸುಮಾರು ಶೇ 5ರಷ್ಟು ಇಳಿದಿದ್ದವು. ಬರೀ ಒಂದು ಸಲದ ನಡಿಗೆಗೆ! ದಿನಾ ನಡೆದರೆ ಹೊಟ್ಟೆಯ ಕೊಬ್ಬು, ಬಿಪಿ, ಸಕ್ಕರೆ ಕೂಡ ಇಳಿಮುಖವಾಗುತ್ತವೆ.

ವೇಗ ಎಷ್ಟಿರಬೇಕು? ಪಕ್ಕದವರ ಜೊತೆ ಮಾತಾಡಲು ಆಗಬೇಕು, ಹಾಡು ಹೇಳಲು ಆಗಬಾರದು. ನಾವು ಲಾಲ್‌ಬಾಗ್‌ನ ಪಶ್ಚಿಮ ಗೇಟಿನಿಂದ ಒಳಗೆ ಹೋಗುತ್ತೇವೆ. ಕೆಂಪೇಗೌಡ ಗೋಪುರದ ಬಂಡೆ ಹತ್ತುವಾಗ ಇವರು ಕ್ರಿಕೆಟ್ ವಿಷಯ ಹೇಳುತ್ತಿರುತ್ತಾರೆ. ವಾಕ್ಯ ಅರ್ಧಕ್ಕೇ ನಿಂತು ಉಸಿರು ಎಳೆದುಕೊಂಡರೆ ನಾನು ನಿಧಾನ ಮಾಡುತ್ತೇನೆ. ಗಡಿಯಾರಕ್ಕಿಂತ ಇದನ್ನೇ ನಂಬುತ್ತೇನೆ.

ವಾರಕ್ಕೆ ಕನಿಷ್ಠ 150 ನಿಮಿಷ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ದಿನಕ್ಕೆ ಅರ್ಧ ಗಂಟೆ, 5 ದಿನ. ಅಭ್ಯಾಸ ಇಲ್ಲದವರು 10 ನಿಮಿಷದಿಂದ ಶುರು ಮಾಡಿ. ಭಾನುವಾರ ಮಾತ್ರ ಬಂದು ಓಡಿ ಸುಸ್ತಾಗುವುದಕ್ಕಿಂತ ಇದು ಎಷ್ಟೋ ವಾಸಿ. ಜ್ವರ ಇದ್ದರೆ ಹೋಗಲೇಬೇಡಿ.

ಡಾಕ್ಟರು ಹೈ ಸೆನ್ಸಿಟಿವಿಟಿ ಸಿಆರ್‌ಪಿ ಟೆಸ್ಟ್ (ಮೈಯಲ್ಲಿ ಉರಿಯೂತ ಎಷ್ಟಿದೆ ಅಂತ ತೋರಿಸುವ ರಕ್ತ ಪರೀಕ್ಷೆ) ಬರೆದುಕೊಟ್ಟರೆ, ನೆಗಡಿ, ಜ್ವರ ಪೂರ್ತಿ ಹೋದ ಮೇಲೆ ಮಾಡಿಸಿ. ಇಲ್ಲದಿದ್ದರೆ ಸುಮ್ನೆ ಜಾಸ್ತಿ ತೋರಿಸುತ್ತದೆ. ಲೀಟರಿಗೆ 1 ಮಿಲಿಗ್ರಾಂಗಿಂತ ಕಡಿಮೆ ಇದ್ದರೆ ಒಳ್ಳೆಯದು, 3 ದಾಟಿದರೆ ಹೃದಯದ ಅಪಾಯ ಜಾಸ್ತಿ. ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ನಡಿಗೆಯ ಧೈರ್ಯದಲ್ಲಿ ಅದನ್ನು ಬಿಡಬೇಡಿ.

ನಡೆಯುವಾಗ ಎದೆ ಬಿಗಿದರೆ, ನೋವು ದವಡೆಗೋ ಕೈಗೋ ಹರಿದರೆ ಅಲ್ಲೇ ಕೂತು 108ಕ್ಕೆ ಫೋನ್ ಮಾಡಿಸಿ. ಸಕ್ಕರೆ ಕಾಯಿಲೆ ಇರುವವರಿಗೆ ಎದೆನೋವೇ ಬರದೆ, ಬರೀ ಬೆವರು, ಉಸಿರಾಟದ ಕಷ್ಟ ಆಗಬಹುದು. ಅದನ್ನು ಗ್ಯಾಸ್ ಅಂತ ತಳ್ಳಿಹಾಕಬೇಡಿ.