ದಡದಿಂದ ಲ್ಯೂರ್ ಎಸೆಯಲು ಎಂಥ ರಾಡ್ ಕೊಳ್ಳಬೇಕು?

ಗಾಳದ ರಾಡ್ ಕೊಳ್ಳಲು ಬಂದವರು ಅಂಗಡಿಯಲ್ಲಿ ಮೊದಲು ಕೇಳುವುದು ಉದ್ದ, ಆಮೇಲೆ ಬೆಲೆ. ಹಿಡಿಯ ಮೇಲ್ಗಡೆ ಸಣ್ಣ ಅಕ್ಷರದಲ್ಲಿ ಅಚ್ಚಾದ ಗ್ರಾಂ ಲೆಕ್ಕವನ್ನು, ಅಂದರೆ ಆ ರಾಡ್ ಎಷ್ಟು ತೂಕದ ಲ್ಯೂರ್ (ಕೃತಕ ಎರೆ) ಎಸೆಯಬಲ್ಲದು ಎಂಬುದನ್ನು, ಓದುವವರು ಕಡಿಮೆ. ಶರಾವತಿ, ಅಘನಾಶಿನಿ ಅಳಿವೆಗಳ ದಡದಲ್ಲೋ ಮಲ್ಪೆಯ ಕಲ್ಲಿನ ತಡೆಗೋಡೆಯ ಮೇಲೋ ನಿಂತು ಲ್ಯೂರ್ ಎಸೆಯುವವರು ಮೊದಲು ಓದಬೇಕಾದದ್ದು ಅದನ್ನೇ.

ಮೊದಲು ಲ್ಯೂರ್ ತೂಗಿ

ನೀವು ಬಳಸುವ ಲ್ಯೂರ್‌ಗಳನ್ನು ಅಡುಗೆಮನೆಯ ಡಿಜಿಟಲ್ ತಕ್ಕಡಿಯಲ್ಲಿ ಒಂದೊಂದಾಗಿ ತೂಗಿ ಬರೆದಿಟ್ಟುಕೊಳ್ಳಿ. ರಬ್ಬರ್ ಮೀನನ್ನು ಜಿಗ್‌ಹೆಡ್ (ತೂಕದ ಲೋಹದ ತಲೆಯಿರುವ ಗಾಳ) ಸಮೇತ ತೂಗಬೇಕು. 14 ಗ್ರಾಂ ಜಿಗ್‌ಹೆಡ್‌ಗೆ 4 ಇಂಚಿನ ರಬ್ಬರ್ ಸಿಕ್ಕಿಸಿದರೆ ಒಟ್ಟು 20 ಗ್ರಾಂ ದಾಟುವುದುಂಟು.

ರಾಡ್ ಮೇಲೆ 10–30 ಗ್ರಾಂ ಎಂದಿದ್ದರೆ ಅದು ಸಲೀಸಾಗಿ ಎಸೆಯುವುದು ಸಾಮಾನ್ಯವಾಗಿ ಮೇಲಿನ ಮಿತಿಯ ಮೂರರಲ್ಲಿ ಎರಡು ಪಾಲು ತೂಕವನ್ನು, ಅಂದರೆ 20 ಗ್ರಾಂ ಆಸುಪಾಸು. ತೀರಾ ಹಗುರದ ಲ್ಯೂರ್‌ಗೆ ರಾಡ್ ಬಾಗುವುದೇ ಇಲ್ಲ. ಬಾಗದ ರಾಡ್ ದೂರಕ್ಕೆ ಎಸೆಯುವುದಿಲ್ಲ, ತೋಳು ಸೋಲುತ್ತದೆ ಅಷ್ಟೆ. ಮಿತಿ ಮೀರಿದ ತೂಕ ಕಟ್ಟಿ ಜೋರಾಗಿ ಬೀಸಿದರೆ ರಾಡ್ ಮುರಿಯಬಹುದು. 40 ಗ್ರಾಂ ಲೋಹದ ಜಿಗ್ಗೇ ನಿಮ್ಮ ಮುಖ್ಯ ಲ್ಯೂರ್ ಆದರೆ 20–60 ಗ್ರಾಂ ರಾಡ್ ಬೇಕು. 7 ಗ್ರಾಂನಿಂದ 60 ಗ್ರಾಂವರೆಗೆ ಎಲ್ಲವನ್ನೂ ಚೆನ್ನಾಗಿ ಎಸೆಯುವ ರಾಡ್ ಹುಡುಕುತ್ತ ಕೂರಬೇಡಿ. ಹೆಚ್ಚು ಬಾರಿ ಎಸೆಯುವ ತೂಕಕ್ಕೆ ಹೊಂದುವುದನ್ನು ಆರಿಸಿ.

ಉದ್ದ, ಬಾಗು

ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳ ಮಧ್ಯದ ಕಿರಿದಾದ ನೀರಿಗೆ 7 ಅಡಿ ಸಾಕು. ಉದ್ದವಾದರೆ ಬೀಸುವಾಗ ಹಿಂದಿನ ಕೊಂಬೆಗೆ ತಾಗುತ್ತದೆ. ತೆರೆದ ಅಳಿವೆ ದಡಕ್ಕೆ 8ರಿಂದ 9 ಅಡಿ. ತಡೆಗೋಡೆಯ ಮೇಲೆ 9ರಿಂದ 10 ಅಡಿ ಬೇಕಾಗುವುದು ದೂರಕ್ಕಷ್ಟೇ ಅಲ್ಲ, ಕಾಲ ಬುಡದ ಕಲ್ಲಿಗೆ ದಾರ ಉಜ್ಜದಂತೆ ಎತ್ತಿ ಹಿಡಿಯಲಿಕ್ಕೂ ಹೌದು. ಒಂದೇ ರಾಡ್ ಕೊಳ್ಳುವವರಿಗೆ ನಮ್ಮ ಸಲಹೆ: 8.5 ಅಡಿ, 10–35 ಗ್ರಾಂ, ಮೀಡಿಯಂ ಪವರ್ (ಮಧ್ಯಮ ಬಿಗುವು).

ತುದಿ ಮಾತ್ರ ಬಾಗುವ ಫಾಸ್ಟ್ ಆ್ಯಕ್ಷನ್ ಜಿಗ್‌ಹೆಡ್‌ಗೆ ಹೊಂದುತ್ತದೆ. ಮೂರು ಮೊನೆಯ ಸಣ್ಣ ಗಾಳಗಳಿರುವ ಗಟ್ಟಿ ಲ್ಯೂರ್‌ಗೆ ನಡುವಿನವರೆಗೂ ಬಾಗುವ ರಾಡ್ ವಾಸಿ. ಮೀನು ತಲೆ ಕೊಡವಿದಾಗ ಗಾಳ ಕಿತ್ತುಬರುವುದು ಕಡಿಮೆ. ಕೆಂಬೇರಿ ಮೀನು ಹಿಡಿಯುವವರು ಮಾತ್ರ ಮೀಡಿಯಂ ಹೆವಿ ತೆಗೆದುಕೊಳ್ಳಿ. ಕಚ್ಚಿದ ಕೂಡಲೇ ಅದು ಬಂಡೆಯ ಸಂದಿಗೆ ನುಗ್ಗುತ್ತದೆ, ಮೆತ್ತನೆಯ ರಾಡ್‌ನಲ್ಲಿ ತಡೆಯಲಾಗದು.

ಅಂಗಡಿಯಲ್ಲಿ ಪರೀಕ್ಷೆ

ನಿಮ್ಮ ರೀಲನ್ನು ಜೊತೆಗೊಯ್ಯಿರಿ. 7 ಅಡಿಗೆ 2500–3000, 8.5 ಅಡಿಗೆ 4000, 10 ಅಡಿಗೆ 5000 ಸೈಜ್ ಸಾಮಾನ್ಯವಾಗಿ ಹೊಂದುತ್ತವೆ. ರೀಲ್ ಹಾಕಿ, ಹಿಡಿಯುವ ಜಾಗದ ಮುಂದೆ ಬೆರಳಿಟ್ಟು ತೂಗಿ ನೋಡಿ. ತುದಿ ಭಾರವಾಗಿ ಮುಂದಕ್ಕೆ ಜಗ್ಗುತ್ತಿದ್ದರೆ ಗಂಟೆಯೊಳಗೆ ಮಣಿಕಟ್ಟು ನೋಯುತ್ತದೆ.

ಬುಡದಿಂದ ಒಂದು ಕಣ್ಣಲ್ಲಿ ನೋಡಿದಾಗ ಉಂಗುರಗಳೆಲ್ಲ ಒಂದೇ ಸಾಲಿನಲ್ಲಿರಬೇಕು. ಪ್ರತಿ ಉಂಗುರದೊಳಗೂ ಹತ್ತಿ ಸುತ್ತಿದ ಕಡ್ಡಿ ಆಡಿಸಿ. ಎಳೆ ಸಿಕ್ಕಿಕೊಂಡರೆ ಅಲ್ಲಿ ಬಿರುಕಿದೆ, ಹೆಣೆದ ದಾರ ಅಲ್ಲೇ ತುಂಡಾಗುತ್ತದೆ. ಎರಡು ತುಂಡಿನ ರಾಡ್ ಜೋಡಿಸಿ ಅಲ್ಲಾಡಿಸಿದಾಗ ಕೀಲು ಟಕಟಕ ಎನ್ನಬಾರದು. ಬಸ್ಸಿನಲ್ಲಿ ಒಯ್ಯಲು ಸುಲಭವೆಂದು ಟೆಲಿಸ್ಕೋಪಿಕ್ ರಾಡ್ ಕೊಳ್ಳುವುದುಂಟು. ದಿನವಿಡೀ ಲ್ಯೂರ್ ಎಸೆಯುವ ಕೆಲಸಕ್ಕೆ ಅದು ಬೇಡ. ಮರಳು ಸೇರಿ ಕೀಲುಗಳು ಸವೆಯುತ್ತವೆ, ಎಸೆಯುವಾಗ ತಿರುಗಿ ಉಂಗುರಗಳ ಸಾಲು ತಪ್ಪುತ್ತದೆ.

ಕೊಂಡ ಮೇಲೆ

ಡ್ರ್ಯಾಗ್ (ಮೀನು ಎಳೆದಾಗ ದಾರ ಬಿಡುವ ರೀಲಿನ ಬ್ರೇಕ್) ಅನ್ನು ದಾರದ ತಾಳಿಕೆಯ ಕಾಲುಭಾಗಕ್ಕೆ ಹೊಂದಿಸಿ: 20 ಪೌಂಡ್ ದಾರವಾದರೆ ಲಗೇಜ್ ತಕ್ಕಡಿಗೆ ಕಟ್ಟಿ ಎಳೆದಾಗ ಸುಮಾರು 2.25 ಕಿಲೊದಲ್ಲಿ ದಾರ ಬಿಡಬೇಕು. ಮೀನು ಕಾಲ ಬಳಿ ಬಂದಾಗ ರಾಡನ್ನು ನೆಟ್ಟಗೆ ಆಕಾಶಕ್ಕೆ ಎತ್ತಬೇಡಿ. ಭಾರವೆಲ್ಲ ತೆಳ್ಳನೆಯ ತುದಿಗೆ ಬಿದ್ದು ಒಳ್ಳೆಯ ರಾಡ್‌ಗಳೂ ಮುರಿಯುವುದು ಹೀಗೆಯೇ. ಬಂಡೆಗೆ ಬಡಿದ ಕಾರ್ಬನ್ ರಾಡ್‌ನ ಗಾಯ ಅಂದು ಕಾಣದೆ ಇನ್ನೊಂದು ದಿನ ಮುರಿಯಬಹುದು, ಹಾಗಾಗಿ ಕಲ್ಲಿನ ಮೇಲೆ ಎಸೆಯದೆ ಜೋಪಾನವಾಗಿಡಿ. ಕಾರ್ಬನ್‌ನಲ್ಲಿ ವಿದ್ಯುತ್ ಹರಿಯುತ್ತದೆ. ಗುಡುಗು ಕೇಳಿಸಿದರೆ ಎಸೆಯುವುದನ್ನು ನಿಲ್ಲಿಸಿ ಅಲ್ಲಿಂದ ಹೊರಡಿ, ವಿದ್ಯುತ್ ತಂತಿಯ ಕೆಳಗೆ ರಾಡ್ ಎತ್ತಬೇಡಿ.

ಮನೆಗೆ ಬಂದ ಮೇಲೆ ರಾಡ್ ಬಿಚ್ಚಿ, ಉಂಗುರದ ಬುಡ ಮತ್ತು ರೀಲ್ ಸೀಟಿನ ತಿರುಪಿಗೆ ಸಿಹಿನೀರು ಹರಿಸಿ, ನೆರಳಲ್ಲಿ ಒಣಗಿಸಿ. ಕೀಲು ಸಡಿಲವಾಗುತ್ತಿದ್ದರೆ ಒಳಸೇರುವ ತುದಿಗೆ ಮೇಣದಬತ್ತಿ ಉಜ್ಜಿ ತೆಳುವಾಗಿ ಒರೆಸಿಬಿಡಿ.