ಬೆಲ್ಟ್ ಕೊನೆಗೆ

ಮೊದಲ ಸಲ ನೀರೊಳಗೆ ತಲೆಕೆಳಗಾದಾಗ ನಾನು ಮಾಡಿದ ತಪ್ಪು ಬೆಲ್ಟ್ ಬಿಚ್ಚಿದ್ದು.

ಕೆನಡಾದ ಬ್ರಿಟಿಷ್ ಕೊಲಂಬಿಯಾದಲ್ಲಿ ಸೀಪ್ಲೇನ್, ಅಂದರೆ ನೀರಿನ ಮೇಲಿಂದಲೇ ಏರಿ ನೀರಿನ ಮೇಲೆಯೇ ಇಳಿಯುವ ವಿಮಾನ, ಹಾರಿಸುವ ಕೆಲಸಕ್ಕೆ ಸೇರುವ ಮುನ್ನ ತರಬೇತಿಗೆಂದು ಈಜುಕೊಳಕ್ಕೆ ಹೋಗಿದ್ದೆ. ವಿಮಾನದ ಕ್ಯಾಬಿನ್ನಿನಂತೆ ಕಟ್ಟಿದ ಪಂಜರದೊಳಗೆ ನಮ್ಮನ್ನು ಕೂರಿಸಿ, ನೀರಿಗಿಳಿಸಿ ಮಗುಚುತ್ತಾರೆ. ಹೊನ್ನಾವರದ ಕಡೆಯವನು ನಾನು. ಶರಾವತಿಯಲ್ಲಿ ಈಜಿ ಬೆಳೆದವನೆಂಬ ಧೈರ್ಯದಲ್ಲಿ ಕುಳಿತಿದ್ದೆ. ಪಂಜರ ತಿರುಗಿದ್ದೇ ತಡ, ಮೂಗಿನೊಳಗೆ ನೀರು ನುಗ್ಗಿ ನೆತ್ತಿಯವರೆಗೆ ಉರಿ ಹತ್ತಿತು. ಕೈ ತಾನಾಗಿಯೇ ಬಕಲ್ ಎಳೆಯಿತು. ಮೈ ತೇಲಿಹೋಗಿ ಪಂಜರದ ನೆಲಕ್ಕೆ ಬಡಿಯಿತು. ಆ ನೆಲ ಈಗ ತಲೆಯ ಮೇಲಿತ್ತು. ಬಾಗಿಲು ಯಾವ ದಿಕ್ಕಿಗಿದೆ ಎಂಬುದೇ ತಿಳಿಯಲಿಲ್ಲ. ಕಾವಲಿದ್ದ ಮುಳುಗುಗಾರರೇ ನನ್ನನ್ನು ಹೊರಗೆಳೆದರು.

ತರಬೇತುದಾರರು ಬೈಯಲಿಲ್ಲ. "ವಿಮಾನ ಹೇಗೇ ಮಗುಚಲಿ, ಬಲಗಡೆ ಇದ್ದ ಬಾಗಿಲು ನಿಮ್ಮ ಬಲಗಡೆಯೇ ಇರುತ್ತದೆ. ಬೆಲ್ಟ್ ಬಿಚ್ಚುವವರೆಗೆ ಮಾತ್ರ" ಎಂದರು. ಎರಡನೆಯ ಸಲ ಬಲಗೈಯಿಂದ ಬಾಗಿಲಿನ ಚೌಕಟ್ಟನ್ನು ಗಟ್ಟಿಯಾಗಿ ಹಿಡಿದೆ. ತಿರುಗುವುದು ನಿಲ್ಲುವವರೆಗೆ ಕಾದೆ. ಬಾಗಿಲು ತೆರೆದೆ. ಆಮೇಲೆ ಎಡಗೈಯಿಂದ ಬಕಲ್ ಬಿಚ್ಚಿ, ಚೌಕಟ್ಟಿನ ಹಿಡಿತ ಬಿಡದೆ ಮೈಯನ್ನು ಹೊರಗೆಳೆದುಕೊಂಡೆ. ಕಣ್ಣಿಗೆ ಕಪ್ಪು ಪಟ್ಟಿ ಕಟ್ಟಿಕೊಂಡು ಮತ್ತೆ ಮಾಡಿದೆ. ಐದನೆಯ ಸಲದ ಹೊತ್ತಿಗೆ ಕೈಗೆ ದಾರಿ ಗೊತ್ತಾಗಿತ್ತು.

ಇಷ್ಟು ಪಟ್ಟುಹಿಡಿದು ಕಲಿತದ್ದಕ್ಕೆ ಕಾರಣವಿದೆ. ಸೀಪ್ಲೇನ್ ಮಗುಚಿದರೆ ಅದರ ಅಡಿಯಲ್ಲಿರುವ ದೋಣಿಯಂಥ ಫ್ಲೋಟ್‌ಗಳು ಮೇಲೆ ತೇಲುತ್ತವೆ, ಜನ ಕುಳಿತ ಕ್ಯಾಬಿನ್ ನೀರೊಳಗೆ ತೂಗುತ್ತದೆ. 2009ರ ನವೆಂಬರ್ 29ರಂದು ಇದೇ ಪ್ರಾಂತ್ಯದ ಸಟರ್ನಾ ದ್ವೀಪದ ಲಯಾಲ್ ಹಾರ್ಬರ್‌ನಲ್ಲಿ ಬೀವರ್ ಎಂಬ ಮಾದರಿಯ ಸಣ್ಣ ಸೀಪ್ಲೇನೊಂದು ಮೇಲೇರಿದ ಕೂಡಲೇ ನೀರಿಗೆ ಬಿತ್ತು. ಒಳಗಿದ್ದ 8 ಜನರಲ್ಲಿ 6 ಮಂದಿ ಸತ್ತರು, ಅವರಲ್ಲೊಂದು ಹಸುಗೂಸು. ಅವರು ಬದುಕಬಹುದಿತ್ತಲ್ಲ ಎಂಬ ಸಂಕಟ ನನ್ನನ್ನು ಈಗಲೂ ಬಿಟ್ಟಿಲ್ಲ, ಏಕೆಂದರೆ ಅವರನ್ನು ಕೊಂದದ್ದು ಪೆಟ್ಟಲ್ಲ, ನೀರು. ಬಾಗಿಲು ಕಿಟಕಿಗಳು ಸುಲಭವಾಗಿ ಕಳಚಿ ಬರುವಂತಿರಬೇಕು, ಪ್ರಯಾಣಿಕರು ಲೈಫ್ ಜಾಕೆಟ್ ತೊಟ್ಟೇ ಕೂರಬೇಕು ಎಂದು ತನಿಖೆ ನಡೆಸಿದ ಕೆನಡಾದ ಸಾರಿಗೆ ಸುರಕ್ಷತಾ ಮಂಡಳಿ ಶಿಫಾರಸು ಮಾಡಿತು. ಜಾಕೆಟ್ ಮತ್ತು ಪೈಲಟ್‌ಗಳ ಈ ತರಬೇತಿ ನಿಯಮವಾಗಿ ಪ್ರಕಟವಾಗಲು 2019 ಬರಬೇಕಾಯಿತು. ಅದೇ ವರ್ಷ ಮೇ 20ರಂದು ಅಲಾಸ್ಕಾದ ಮೆಟ್ಲಕಾಟ್ಲಾ ಬಂದರಿನಲ್ಲಿ ಇನ್ನೊಂದು ಬೀವರ್ ಇಳಿಯುವಾಗಲೇ ಮಗುಚಿತು. ಪೈಲಟ್ ಮತ್ತು ಇದ್ದ ಒಬ್ಬರೇ ಪ್ರಯಾಣಿಕರು ಇಬ್ಬರೂ ಉಳಿಯಲಿಲ್ಲ.

ಇಳಿಯುವಾಗ ನಾನು ಹೆಚ್ಚು ಅಂಜುವುದು ಅಲೆಗಲ್ಲ, ಅಲೆಯೇ ಇಲ್ಲದ ನೀರಿಗೆ. ಗಾಳಿ ಬೀಸದ ಬೆಳಿಗ್ಗೆ ನೀರು ಕನ್ನಡಿಯಾಗಿ ಆಕಾಶವನ್ನೇ ತೋರಿಸುತ್ತದೆ. ಇನ್ನೆಷ್ಟು ಅಡಿ ಉಳಿದಿದೆ ಎಂದು ಕಣ್ಣಿಗೆ ತಿಳಿಯುವುದಿಲ್ಲ. ಆಗ ದಡದ ಮಗ್ಗುಲಿಗೇ ಬಂದು, ಮರಗಳನ್ನು ಅಳತೆಗಿಟ್ಟುಕೊಂಡು, ಮೂಗು ತುಸು ಎತ್ತಿ, ಎಂಜಿನ್ನಿನ ಬಲ ಉಳಿಸಿಕೊಂಡು, ನಿಮಿಷಕ್ಕೆ 150 ಅಡಿ ಮೀರದಂತೆ ಇಳಿಸುತ್ತೇನೆ. ಫ್ಲೋಟ್ ತಾನಾಗಿ ನೀರು ಸವರುವವರೆಗೆ ಏನನ್ನೂ ಬದಲಿಸುವುದಿಲ್ಲ.

ಹೊರಡುವ ಮುನ್ನ ಪ್ರಯಾಣಿಕರಿಗೆ ಬಾಯಲ್ಲಿ ಹೇಳಿ ಮುಗಿಸುವುದನ್ನು ನಾನು ಬಿಟ್ಟು ವರ್ಷಗಳಾದವು. ಪ್ರತಿಯೊಬ್ಬರಿಂದಲೂ ಕಣ್ಣು ಮುಚ್ಚಿಸಿ, ಕೈಯಿಂದ ಬಾಗಿಲಿನ ಹಿಡಿಯನ್ನು ಹುಡುಕಿಸುತ್ತೇನೆ. ಜಾಕೆಟ್ಟಿಗೆ ಗಾಳಿ ತುಂಬುವುದು ಹೊರಬಂದ ಮೇಲೆಯೇ ಎಂದು ಎರಡು ಸಲ ಹೇಳುತ್ತೇನೆ. ಒಳಗೇ ಉಬ್ಬಿದರೆ ಅದು ಮನುಷ್ಯನನ್ನು ಮೇಲಕ್ಕೊತ್ತಿ ಅಲ್ಲೇ ಸಿಕ್ಕಿಸಿಬಿಡುತ್ತದೆ. ಇದಕ್ಕೆ ನಾಲ್ಕು ನಿಮಿಷ ಹೆಚ್ಚು ಹಿಡಿಯುತ್ತದೆ, ಕೆಲವರು ಗಡಿಯಾರ ನೋಡುತ್ತಾರೆ. ನೋಡಲಿ.

ಕಳೆದ ಬೇಸಿಗೆಯಲ್ಲಿ ಮಗನ ಮನೆಗೆಂದು ಧಾರವಾಡದಿಂದ ಬಂದಿದ್ದ ತಾಯಿಯೊಬ್ಬರು ನನ್ನ ವಿಮಾನ ಹತ್ತಿದರು. ಸೀರೆಯ ಮೇಲೆ ಜಾಕೆಟ್ ಕಟ್ಟಿಸಿಕೊಂಡು, ಕಣ್ಣು ಮುಚ್ಚಿ ಕೈ ಚಾಚಿದರು. ಮೊದಲ ಸಲ ಕಿಟಕಿಯ ಅಂಚಿಗೆ ತಾಗಿತು. "ಅಮ್ಮಾ, ಮೊಣಕಾಲು ಮುಟ್ಟಿಕೊಳ್ಳಿ, ಅಲ್ಲಿಂದ ಬಾಗಿಲಿನ ಮೇಲೆ ಕೈ ಸರಿಸುತ್ತಾ ಹೋಗಿ" ಎಂದೆ. ಈ ಸಲ ಬೆರಳು ಹಿಡಿಯ ಮೇಲೆ ನಿಂತಿತು. ಅವರು ಕಣ್ಣು ತೆರೆಯಲಿಲ್ಲ.

"ಇರಪ್ಪಾ, ಇನ್ನೊಮ್ಮೆ ಮಾಡುತ್ತೇನೆ" ಎಂದರು. ಆಮೇಲೆ ಪಕ್ಕದಲ್ಲಿದ್ದ ಮೊಮ್ಮಗಳ ಕೈ ಹಿಡಿದು, ಅವಳ ಕಡೆಯ ಬಾಗಿಲನ್ನು ಹುಡುಕಿಸಿದರು.